ರಂಗನತಿಟ್ಟಿನ ಪ್ರಜೆಗಳು

ಪರರ ತಪ್ಪುಗಳನ್ನು ಎತ್ತಿ ತೋರಿಸುವುದು ಪತ್ರಿಕೆಯವರಿಗೆ ನಿತ್ಯದ ಉದ್ಯೋಗ. ತಮ್ಮ ತಪ್ಪನ್ನು ತಾವೇ ಅಚ್ಚುಹಾಕಿಸುವುದು ಅಷ್ಟು ರೂಢಿಯಾದ ಕೆಲಸವಲ್ಲ. ಇಂದು ನಾವು ಆ ಎರಡನೆಯ ಕೆಲಸಕ್ಕೆ ಕೈಹಾಕಿದ್ದೇವೆ. ಶ್ರೀರಂಗಪಟ್ಟಣದ ಸಮೀಪದಲ್ಲಿರುವ ರಂಗನತಿಟ್ಟಿನಲ್ಲಿ ಹಕ್ಕಿಗಳು ಗೂಡುಕಟ್ಟುವ ಕಾಲವು ಬಂದಾಗಲೆಲ್ಲ, “ವಿದೇಶೀ ಅತಿಥಿಗಳ ಆಗಮನ” ಎಂಬ ತಲೆಬರಹದ ಕೆಳಗೆ ಒಂದು ಸಮಾಚಾರವನ್ನು ನಮ್ಮ ಪತ್ರಿಕೆಯು ತಪ್ಪದೆ ಪ್ರಕಟಿಸುತ್ತ ಬಂದಿದೆ. ಆ ತಲೆಬರಹವನ್ನು ಮೊದಲು ಬರೆದವರೂ ನಾವೇ. ವರ್ಷವರ್ಷವೂ ಅದನ್ನು ಹಾಗೆಯೇ ಉಳಿಸಿಕೊಂಡು ಬಂದವರೂ ನಾವೇ. ಅದು ಸರಿಯಲ್ಲವೆಂಬುದು ಈಚೆಗೆ ಒಬ್ಬ ದೋಣಿಯವನ ಬಾಯಿಂದ ನಮಗೆ ತಿಳಿಯಿತು. ತಿಳಿದುಬಂದ ಬಗೆಯನ್ನೂ, ಅದರಿಂದ ನಮ್ಮ ಮನಸ್ಸಿನಲ್ಲಿ ಹುಟ್ಟಿದ ಕೆಲವು ಆಲೋಚನೆಗಳನ್ನೂ ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಜ್ಯೇಷ್ಠ ಮಾಸದ ಕೊನೆಯಲ್ಲಿ ಕಾರ್ಯನಿಮಿತ್ತವಾಗಿ ಮೈಸೂರಿಗೆ ಹೋಗಿದ್ದೆವು. ಕೆಲಸವು ಎಣಿಸಿದ್ದಕ್ಕಿಂತ ಒಂದು ದಿನ ಮುಂಚಿತವಾಗಿಯೇ ಮುಗಿಯಿತು. ನಾವು ಇಳಿದುಕೊಂಡಿದ್ದ ಮನೆಯ ಮಿತ್ರರು ನಗುತ್ತ, “ರಂಗನತಿಟ್ಟಿನ ವಿಚಾರವನ್ನು ಇಷ್ಟು ವರ್ಷಗಳಿಂದ ಬರೆಯುತ್ತಿದ್ದೀರಲ್ಲ, ಒಮ್ಮೆಯಾದರೂ ಕಣ್ಣಾರೆ ನೋಡಿದ್ದೀರೋ?” ಎಂದು ಕೇಳಿದರು. ನೋಡಿರಲಿಲ್ಲ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಹೊರಟೆವು.

ಮೈಸೂರಿನಿಂದ ರಂಗನತಿಟ್ಟಿಗೆ ಸುಮಾರು 16 ಕಿಲೋಮೀಟರು. ಶ್ರೀರಂಗಪಟ್ಟಣದಿಂದಾದರೆ ಸುಮಾರು 3 ಕಿಲೋಮೀಟರು ಮಾತ್ರ. ಹೊಳೆಯ ನಡುವೆ ನೀರಿನಿಂದ ಮೇಲೆದ್ದ ನೆಲಕ್ಕೆ ನಮ್ಮ ಜನ ತಿಟ್ಟು ಎನ್ನುತ್ತಾರೆ. ಕಾವೇರಿಯು ಮೂರು ಕಡೆ ಇಬ್ಭಾಗವಾಗಿ ಹರಿದು ಶ್ರೀರಂಗನಾಥನಿಗೆ ದ್ವೀಪವನ್ನು ಮಾಡಿಕೊಟ್ಟಿರುವಳೆಂಬುದೂ, ಶ್ರೀರಂಗಪಟ್ಟಣವು ಆದಿರಂಗ, ಶಿವನಸಮುದ್ರವು ಮಧ್ಯರಂಗ, ತಮಿಳುನಾಡಿನ ಶ್ರೀರಂಗವು ಅಂತ್ಯರಂಗ ಎಂಬುದೂ ಆಸ್ತಿಕರಿಗೆಲ್ಲ ತಿಳಿದ ವಿಷಯ. ಈ ಮೂರರ ಲೆಕ್ಕಕ್ಕೆ ಸೇರದ ಪುಟ್ಟದೊಂದು ರಂಗಕ್ಷೇತ್ರವು ಆದಿರಂಗದ ಮಗ್ಗುಲಿನಲ್ಲಿಯೇ ಇದೆ. ಇಲ್ಲಿ ಗುಡಿಯಿಲ್ಲ, ಗೋಪುರವಿಲ್ಲ. ಹೊಳೆಮತ್ತಿ, ಹೊಂಗೆ, ಬಿದಿರು ಮೊದಲಾದ ಗಿಡಮರಗಳಿಂದ ತುಂಬಿದ ಆರು ಸಣ್ಣ ತಿಟ್ಟುಗಳು, ಸುತ್ತಲೂ ಬಂಡೆಗಳು, ಬಂಡೆಗಳ ನಡುವೆ ಹರಿಯುವ ಕಾವೇರಿ, ಇಷ್ಟೇ. ಪಕ್ಷಿಧಾಮವೆಂದು ಮೊದಲಿನಿಂದ ಗುರುತಿಸಲ್ಪಟ್ಟ ಪ್ರದೇಶದ ವಿಸ್ತೀರ್ಣವು ಒಂದು ಚದರ ಕಿಲೋಮೀಟರು ಕೂಡ ಇಲ್ಲ.

ದೋಣಿಯ ಮೇಲೆ

ದೋಣಿಯು ದಡವನ್ನು ಬಿಟ್ಟು ಹತ್ತು ಮಾರು ಹೋಗುವುದರೊಳಗಾಗಿ ನಮ್ಮ ಕಿವಿ ತುಂಬಿತು. ದೂರದಿಂದ ಕೇಳಿದವರಿಗೆ ಅದು ಸಂತೆಯ ಗದ್ದಲದಂತೆ ತೋರಬಹುದು. ಹತ್ತಿರ ಹೋದಂತೆಲ್ಲ ಸ್ವರಗಳು ಬೇರೆಬೇರೆಯಾಗಿ ಬಿಡಿಸಿಕೊಂಡವು. ಮರಿಗಳು ಹಸಿವಿನಿಂದ ಕೂಗುವ ಧ್ವನಿ ಒಂದು, ಗೂಡಿನ ಕಡ್ಡಿಗಾಗಿ ನೆರೆಹೊರೆಯವರು ಜಗಳವಾಡುವ ಧ್ವನಿ ಒಂದು, ರೆಕ್ಕೆ ಬಡಿಯುವ ಸದ್ದು ಮತ್ತೊಂದು. ಒಂದೊಂದು ಮರದಲ್ಲಿಯೂ ಹತ್ತಾರು ಗೂಡುಗಳಿದ್ದವು. ಅಗ್ರಹಾರದ ಒಂದೇ ಬೀದಿಯಲ್ಲಿ ಸಾಲಾಗಿ ಮನೆ ಮಾಡಿಕೊಂಡವರಂತೆ ಬೆಳ್ಳಕ್ಕಿಗಳು, ನೀರುಕಾಗೆಗಳು, ಬಿಳಿ ಕೆಂಬರಲುಗಳು ಒತ್ತೊತ್ತಾಗಿ ಸಂಸಾರ ಹೂಡಿದ್ದವು.

ಬಣ್ಣದ ಕೊಕ್ಕರೆಗಳನ್ನು ಎಷ್ಟು ಹೊತ್ತು ನೋಡಿದರೂ ನಮಗೆ ತೃಪ್ತಿಯಾಗಲಿಲ್ಲ. ಹಳದಿಯ ಉದ್ದ ಕೊಕ್ಕು, ಕಿತ್ತಳೆಯ ಬಣ್ಣದ ಬೋಳು ಮುಖ, ರೆಕ್ಕೆಯ ಹಿಂಭಾಗದಲ್ಲಿ ಕುಂಕುಮವನ್ನು ಎರಚಿದಂತಹ ಗುಲಾಬಿ ಛಾಯೆ. ಅವಕ್ಕೆ ಈ ಹೆಸರನ್ನಿಟ್ಟವರು ಕಣ್ಣುಳ್ಳವರೇ ಸರಿ. ಆದರೆ ನಮ್ಮ ಮನಸ್ಸನ್ನು ಸೆಳೆದದ್ದು ಅವುಗಳ ಬಣ್ಣಕ್ಕಿಂತ ಹೆಚ್ಚಾಗಿ ನಡವಳಿಕೆ. ಬಿಸಿಲೇರುತ್ತಿದ್ದಂತೆ ಒಂದು ತಾಯಿಯೋ ತಂದೆಯೋ ಗೂಡಿನ ಅಂಚಿನಲ್ಲಿ ನಿಂತು, ಎರಡು ರೆಕ್ಕೆಗಳನ್ನೂ ಅರ್ಧ ಬಿಚ್ಚಿ, ಮರಿಗಳಿಗೆ ನೆರಳು ಮಾಡಿತು. ನಾವು ಅಲ್ಲಿಂದ ಮುಂದೆ ಹೋಗಿ ತಿರುಗಿ ಬರುವ ತನಕವೂ ಅದು ಆ ನಿಲುವನ್ನು ಬದಲಿಸಿರಲಿಲ್ಲ.

ಬಾಯ್ಕಳಕವೆಂಬ ಮತ್ತೊಂದು ಜಾತಿಯ ಕೊಕ್ಕರೆಯುಂಟು. ಅದು ಬಾಯಿ ಮುಚ್ಚಿದಾಗಲೂ ಕೊಕ್ಕಿನ ಎರಡು ಭಾಗಗಳ ನಡುವೆ ಸಂದು ಉಳಿದಿರುತ್ತದೆ. ನೋಡುವವರಿಗೆ ಇದು ಸೃಷ್ಟಿಯ ಲೋಪವೆಂದು ತೋರೀತು. ಆದರೆ ಗದ್ದೆಯ ಮತ್ತು ಕೆರೆಯ ಬಸವನಹುಳುಗಳೇ ಅದರ ಮುಖ್ಯ ಆಹಾರ. ಅವುಗಳನ್ನು ಚಿಪ್ಪಿನಿಂದ ಬಿಡಿಸಿ ತಿನ್ನುವ ಕಸಬಿಗೆ ಆ ಕೊಕ್ಕು ಒಪ್ಪುತ್ತದೆ. ಚಮಚದ ಕೊಕ್ಕಿನವು ನೀರಿನಲ್ಲಿ ಕೊಕ್ಕನ್ನು ಅತ್ತಿತ್ತ ಬೀಸುತ್ತ, ಸ್ಪರ್ಶಮಾತ್ರದಿಂದ ಆಹಾರವನ್ನು ಹಿಡಿಯುತ್ತವೆ. ಹಾವಕ್ಕಿಯು ಮೈಯನ್ನು ನೀರಿನೊಳಗೆ ಅಡಗಿಸಿ ಕತ್ತನ್ನು ಮಾತ್ರ ಮೇಲೆತ್ತಿ ಈಜಿದಾಗ ನಮ್ಮ ಮಿತ್ರರು ಹಾವೆಂದೇ ಬೆಚ್ಚಿದರು. ಹೆಜ್ಜಾರ್ಲೆಗಳ ವಿಚಾರವೇ ಬೇರೆ. ನೆಲದ ಮೇಲೆ ಅಷ್ಟು ಅಂದಗೇಡಿಯಾಗಿ ಕಾಣುವ ಆ ಭಾರಿ ಹಕ್ಕಿಯು ಆಕಾಶದಲ್ಲಿ ರೆಕ್ಕೆಯಾಡಿಸದೆ ತೇಲುವಾಗ ಅದರ ಗಾಂಭೀರ್ಯಕ್ಕೆ ಎಣೆಯಿಲ್ಲ.

ಬಂಡೆಗಳ ಮೇಲೆ ಮೊಸಳೆಗಳು ಬಾಯಿ ತೆರೆದುಕೊಂಡು ಬಿಸಿಲು ಕಾಯಿಸುತ್ತಿದ್ದವು. ಮೇಲೆ ಎಳೆಯ ಮರಿಗಳು, ಕೆಳಗೆ ಮೊಸಳೆ! ಇದೆಂತಹ ನೆರೆ ಎಂದು ಮೊದಲು ನಮಗೆ ಅನಿಸಿತು. ವಿಚಾರ ಮಾಡಿದರೆ ಇದರಲ್ಲಿಯೂ ಒಂದು ವ್ಯವಸ್ಥೆ ಕಾಣುತ್ತದೆ. ಗೂಡಿನಿಂದ ಜಾರಿಬಿದ್ದ ಮರಿಯು ಮೊಸಳೆಯ ಪಾಲಾಗುವುದುಂಟು. ಆದರೆ ಅದೇ ಮೊಸಳೆಯ ಭಯದಿಂದ ನಾಯಿ, ಕಾಡುಬೆಕ್ಕು ಮುಂತಾದುವು ಆ ನೀರನ್ನು ಈಜಿ ಮರದ ಬುಡಕ್ಕೆ ಬರುವುದು ಕಷ್ಟ. ಹಕ್ಕಿಗಳ ಹಿಕ್ಕೆಯು ನೀರಿಗೆ ಬಿದ್ದು ಜಲಚರಗಳಿಗೆ ಆಹಾರವನ್ನು ಹೆಚ್ಚಿಸುತ್ತದೆ. ಹೊಳೆಯ ಮೀನನ್ನು ನೀರುನಾಯಿಯೂ ತಿನ್ನುತ್ತದೆ, ನೀರುಕಾಗೆಯೂ ತಿನ್ನುತ್ತದೆ. ಎಲ್ಲರಿಗೂ ಅಂಜಿಕೆಯುಂಟು, ಎಲ್ಲರಿಗೂ ಅನ್ನವೂ ಉಂಟು.

ಆಗಲೇ ನಾವು ದೋಣಿಯವನನ್ನು ಆ ಪ್ರಶ್ನೆ ಕೇಳಿದ್ದು.

“ಇವು ಯಾವ ಯಾವ ದೇಶದಿಂದ ಬಂದುವಪ್ಪ?”

ಅವನು ಹುಟ್ಟನ್ನು ನಿಲ್ಲಿಸಿದನು. “ಯಾವ ದೇಶವೂ ಇಲ್ಲ ಸ್ವಾಮಿ. ಇವೆಲ್ಲ ನಮ್ಮ ಕಡೇವೇ. ಬೆಳಿಗ್ಗೆ ಎದ್ದು ನಮ್ಮ ಗದ್ದೆಗೇ ಹೋಗ್ತವೆ, ನಮ್ಮ ಕೆರೆಗೇ ಇಳೀತವೆ, ಮರಿಗೆ ತಂದು ಉಣ್ಣುಸ್ತವೆ. ಪೇಪರಿನೋರು ಫಾರಿನ್ನು ಫಾರಿನ್ನು ಅಂತ ಬರೀತಾರೆ. ಬಂದೋರೆಲ್ಲ ಅದನ್ನೇ ಕೇಳ್ತಾರೆ.”

ನಮ್ಮ ಉದ್ಯೋಗವೇನೆಂಬುದನ್ನು ಅವನಿಗೆ ತಿಳಿಸುವ ಧೈರ್ಯ ನಮಗಾಗಲಿಲ್ಲ. ಮಿತ್ರರು ಮಾತ್ರ ನಮ್ಮ ಮುಖವನ್ನು ನೋಡಿ, ಹೊಳೆಯ ಕಡೆಗೆ ತಿರುಗಿ ಕೆಮ್ಮಿದರು.

ಅತಿಥಿಯೋ, ಪ್ರಜೆಯೋ?

ಊರಿಗೆ ಹಿಂದಿರುಗಿದ ಮೇಲೆ ಪಕ್ಷಿಶಾಸ್ತ್ರದ ಗ್ರಂಥಗಳನ್ನು ತೆಗೆದು ನೋಡಿದೆವು. ದೋಣಿಯವನ ಮಾತೇ ನಿಜ. ಬಣ್ಣದ ಕೊಕ್ಕರೆ, ಬಾಯ್ಕಳಕ, ಬಿಳಿ ಕೆಂಬರಲು, ಹೆಜ್ಜಾರ್ಲೆ, ಇವೆಲ್ಲ ನಮ್ಮ ಭರತಖಂಡದಲ್ಲಿಯೇ ಹುಟ್ಟಿ ಬೆಳೆಯುವ ಹಕ್ಕಿಗಳು. ಅದರಾಚೆಗೆ ಇವುಗಳ ಬಳಗವಿರುವುದು ಮುಖ್ಯವಾಗಿ ಆಗ್ನೇಯ ಏಷ್ಯಾದ ನಾಡುಗಳಲ್ಲಿ. ಮಳೆಯನ್ನೂ ನೀರನ್ನೂ ಅನುಸರಿಸಿ ಇವು ಒಂದು ಸೀಮೆಯಿಂದ ಮತ್ತೊಂದು ಸೀಮೆಗೆ ಹೋಗಿಬರುವುದುಂಟು. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಬಂದಿಳಿಯುವ ಬಾತುಗಳು ಮೊದಲಾದ ಬೇರೆ ಹಕ್ಕಿಗಳೂ ಉಂಟು. ಆದರೆ ಅವು ಇಲ್ಲಿ ಗೂಡುಕಟ್ಟುವುದಿಲ್ಲ. ಬೇಸಗೆ ಬರುತ್ತಲೇ ತಮ್ಮ ಊರಿಗೆ ಹೊರಡುತ್ತವೆ. ರಂಗನತಿಟ್ಟಿನ ಮರಗಳಲ್ಲಿ ಸಂಸಾರ ಹೂಡಿರುವ ಆ ದೊಡ್ಡ ಹಕ್ಕಿಗಳು ಸ್ವದೇಶೀಯರೇ.

ಇದೇನು ಮಹಾ ವ್ಯತ್ಯಾಸವೆಂದು ಕೆಲವರು ಕೇಳಬಹುದು. ವ್ಯತ್ಯಾಸವುಂಟು. ಪಾಠಶಾಲೆಯಲ್ಲಿ ನಮ್ಮ ಗುರುಗಳು, ಯಾರಿಗೆ ಇಂತಹ ತಿಥಿಯೆಂಬ ಗೊತ್ತಿಲ್ಲವೋ ಅವನೇ ಅತಿಥಿ ಎಂದು ಹೇಳಿಕೊಟ್ಟಿದ್ದರು. ಅವನು ಬಂದರೆ ಸಂತೋಷ. ಬಾರದಿದ್ದರೆ ನಮ್ಮ ಮನೆಗೇನೂ ಕುಂದಿಲ್ಲ. ಅವನಿಗೆ ಮಾಡುವ ಉಪಚಾರವು ನಮ್ಮ ಔದಾರ್ಯವೆನಿಸಿಕೊಳ್ಳುತ್ತದೆ. ಆದರೆ ಗೊತ್ತಾದ ಕಾಲದಲ್ಲಿ, ಗೊತ್ತಾದ ಮರಕ್ಕೆ ಬಂದು, ನಮ್ಮ ಗದ್ದೆ ಕೆರೆಗಳಲ್ಲಿ ದುಡಿದು, ತನ್ನ ಮಕ್ಕಳನ್ನು ಈ ನೆಲದಲ್ಲಿಯೇ ಬೆಳೆಸುವ ಜೀವಿಯು ಅತಿಥಿಯಾಗುವುದು ಹೇಗೆ? ಅದು ಈ ನಾಡಿನ ಪ್ರಜೆ. ಪ್ರಜೆಗೆ ಸಲ್ಲತಕ್ಕದ್ದು ಔದಾರ್ಯವಲ್ಲ, ನ್ಯಾಯ. ಅತಿಥಿಯೆಂದು ಕರೆದು ವರ್ಷಕ್ಕೊಮ್ಮೆ ಚಿತ್ರ ತೆಗೆದು ಸಂತೋಷಪಟ್ಟವರು, ಅದರ ಅನ್ನದ ಕೆರೆಯನ್ನು ಮುಚ್ಚಿ ನಿವೇಶನಗಳನ್ನು ಮಾಡಿದಾಗ ಸುಮ್ಮನಿರುವುದು ಸಾಧ್ಯ. ಪ್ರಜೆಯೆಂದು ಒಪ್ಪಿಕೊಂಡವರಿಗೆ ಆ ಮೌನವು ಸಾಧ್ಯವಾಗಬಾರದು.

ಇದೇ ಕಾರಣದಿಂದ ತಿಟ್ಟಿನ ಸುತ್ತ ಬೇಲಿ ಹಾಕಿದ ಮಾತ್ರಕ್ಕೆ ಹಕ್ಕಿಗಳ ರಕ್ಷಣೆಯಾಯಿತೆಂದು ಭಾವಿಸುವುದೂ ತಪ್ಪು. ತಿಟ್ಟು ಅವುಗಳ ಬಾಣಂತಿಕೋಣೆ. ಅಡಿಗೆಯ ಮನೆಯು ಮಂಡ್ಯ ಮತ್ತು ಮೈಸೂರು ಸೀಮೆಗಳ ಗದ್ದೆಬಯಲುಗಳಲ್ಲಿಯೂ ಕೆರೆಗಳಲ್ಲಿಯೂ ಇದೆ. ಅಲ್ಲಿ ಹೂಳು ತುಂಬಿದರೆ, ಕೊಳಚೆ ಸೇರಿದರೆ, ಕೀಟನಾಶಕದ ವಿಷವು ಬಸವನಹುಳು ಮತ್ತು ಮೀನುಗಳ ಮೂಲಕ ಕೊಕ್ಕಿಗೆ ಬಂದರೆ, ಬಾಣಂತಿಕೋಣೆಗೆ ಎಷ್ಟು ಕಾವಲಿದ್ದು ಏನು ಪ್ರಯೋಜನ?

ಕಟ್ಟೆಯಿಂದ ಹುಟ್ಟಿದ ದ್ವೀಪ

ಈ ತಿಟ್ಟುಗಳು ಸೃಷ್ಟಿಯ ಆದಿಯಿಂದಲೂ ಈ ರೂಪದಲ್ಲಿಯೇ ಇದ್ದುವೆಂದು ನಾವು ತಿಳಿದಿದ್ದೆವು. ಅದೂ ಹಾಗಲ್ಲ. 1638 ರಿಂದ 1659 ರವರೆಗೆ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645 ಮತ್ತು 1648 ರ ನಡುವೆ, ಇಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆಯನ್ನು ಕಟ್ಟಲಾಯಿತು. ನೀರು ನಿಂತಿತು, ತಗ್ಗುಗಳು ಮುಳುಗಿದುವು, ಎತ್ತರದ ನೆಲವು ತಿಟ್ಟುಗಳಾಗಿ ಉಳಿಯಿತು. ಹಕ್ಕಿಗಳಿಗೆ ಮನೆ ಕಟ್ಟಿಸಬೇಕೆಂದು ಯಾರೂ ಸಂಕಲ್ಪಿಸಿರಲಿಲ್ಲ. ಮನುಷ್ಯನು ತನ್ನ ಕೆಲಸಕ್ಕಾಗಿ ನೀರನ್ನು ತಡೆದನು. ಸುತ್ತಲೂ ನೀರಿರುವ ಸುರಕ್ಷಿತ ಸ್ಥಳವೆಂದು ಹಕ್ಕಿಯು ಅದನ್ನು ಆರಿಸಿಕೊಂಡಿತು.

ಅದನ್ನು ಉಳಿಸಿದ ಕಥೆಯು ಈಚಿನದು. 1896 ರಲ್ಲಿ ಮುಂಬಯಿಯಲ್ಲಿ ಜನಿಸಿ ಭಾರತದ ಪಕ್ಷಿಶಾಸ್ತ್ರಕ್ಕೇ ಹೆಸರಾದ ಡಾಕ್ಟರ್ ಸಲೀಂ ಅಲಿಯವರು 1939-40 ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದರು. ಈ ತಿಟ್ಟುಗಳಲ್ಲಿ ಗೂಡುಕಟ್ಟುವ ಹಕ್ಕಿಗಳ ಸಮೃದ್ಧಿಯನ್ನು ಕಂಡು, ಇದನ್ನು ರಕ್ಷಿತ ಸ್ಥಳವನ್ನಾಗಿ ಮಾಡಬೇಕೆಂದು ಅರಸರಿಗೆ ಅರಿಕೆ ಮಾಡಿಕೊಂಡರು. 1940 ರಲ್ಲಿ ಅದು ಪಕ್ಷಿಧಾಮವೆಂದು ಘೋಷಿತವಾಯಿತು. ಬಲ್ಲವನೊಬ್ಬನು ಹೇಳಿದನು, ಅಧಿಕಾರವುಳ್ಳವರು ಕೇಳಿದರು. ನಮ್ಮ ವಾಚಕರಲ್ಲಿ ಅಧಿಕಾರಿಗಳು ಅನೇಕರಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇವೆ. ಆ ದಿನ ಆ ಅರಿಕೆಯು ಯಾವುದೋ ಕಚೇರಿಯ ಕಡತದಲ್ಲಿ ಮಲಗಿದ್ದರೆ, ಇಂದು ನಾವು ದೋಣಿಯಲ್ಲಿ ಕುಳಿತು ಏನನ್ನು ನೋಡುತ್ತಿದ್ದೆವೋ ಹೇಳಲಾರೆವು.

2022 ರಲ್ಲಿ ರಂಗನತಿಟ್ಟು ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇರಾಣದ ರಾಮ್ಸಾರ್ ಎಂಬ ಊರಿನಲ್ಲಿ 1971 ರಲ್ಲಿ ಆದ ಒಡಂಬಡಿಕೆಯಿಂದ ಈ ಹೆಸರು ಬಂದಿದೆ. ಕರ್ನಾಟಕದಲ್ಲಿ ಆ ಗೌರವವನ್ನು ಪಡೆದ ಮೊದಲನೆಯ ಸ್ಥಳ ಇದೇ. ಇಲ್ಲಿ 188 ಜಾತಿಯ ಸಸ್ಯಗಳೂ, 225 ಜಾತಿಯ ಪಕ್ಷಿಗಳೂ, 69 ಜಾತಿಯ ಮೀನುಗಳೂ, 13 ಜಾತಿಯ ಕಪ್ಪೆಗಳೂ, 30 ಜಾತಿಯ ಚಿಟ್ಟೆಗಳೂ ಇವೆಯೆಂದು ಆಗ ಲೆಕ್ಕ ಕೊಡಲಾಯಿತು. ಮೀನುಗಳಲ್ಲಿ ಕಾವೇರಿಗೇ ವಿಶಿಷ್ಟವಾದ, ವಿನಾಶದ ಅಂಚಿಗೆ ಬಂದಿರುವ ಡುಬ್ಬದ ಮಹಸೀರ್ ಕೂಡ ಸೇರಿದೆ.

ನೀರಿನ ಬಾಗಿಲು

ಹಳೆಯ ಕಟ್ಟೆಯೊಂದು ಈ ದ್ವೀಪವನ್ನು ಹುಟ್ಟಿಸಿತು. ಇಂದು ಅದರ ಯೋಗಕ್ಷೇಮವು ಮತ್ತೊಂದು ಕಟ್ಟೆಯ ಕೈಯಲ್ಲಿದೆ. 1911 ರಲ್ಲಿ ಆರಂಭವಾಗಿ ಇಪ್ಪತ್ತು ವರ್ಷಗಳಲ್ಲಿ ಮುಗಿದ ಕೃಷ್ಣರಾಜಸಾಗರವು ಇಲ್ಲಿಂದ ಸ್ವಲ್ಪವೇ ದೂರದಲ್ಲಿ, ಹೊಳೆಯ ಮೇಲುಗಡೆಯಲ್ಲಿದೆ. ಅದರಲ್ಲಿ ನೀರು 124.80 ಅಡಿಗೆ ಏರಿದರೆ ನಾಡಿಗೆಲ್ಲ ಹಬ್ಬ. ಕೊಡಗಿನಲ್ಲಿ ಮತ್ತೆ ಮಳೆ ಬಿದ್ದರೆ ಬಾಗಿಲುಗಳನ್ನು ಎತ್ತಲೇಬೇಕು. ಆಗ ತಿಟ್ಟುಗಳ ಬಂಡೆಗಳು ಮುಳುಗುತ್ತವೆ, ತಗ್ಗಿನ ಕೊಂಬೆಗಳ ಗೂಡುಗಳು ಕೊಚ್ಚಿಹೋಗುತ್ತವೆ, ದಡದ ಮಣ್ಣು ಕುಸಿಯುತ್ತದೆ. 2018, 2019 ಮತ್ತು 2024 ರ ಮಳೆಗಾಲಗಳಲ್ಲಿ ಹೊಳೆಯು ಹೀಗೆ ಉಕ್ಕಿದುದರಿಂದ ದೋಣಿವಿಹಾರವನ್ನು ನಿಲ್ಲಿಸಬೇಕಾಯಿತು. ದೋಣಿ ನಿಂತ ಸುದ್ದಿಯನ್ನು ನಾವೂ ಪ್ರಕಟಿಸಿದೆವು. ಗೂಡುಗಳು ಏನಾದುವೆಂದು ವಿಚಾರಿಸುವುದು ನಮಗೆ ತೋಚಲಿಲ್ಲ. ಇದು ನಮ್ಮ ಎರಡನೆಯ ತಪ್ಪು.

ನೀರು ಹೆಚ್ಚಾದರೆ ಒಂದು ಕಷ್ಟ, ಕಡಿಮೆಯಾದರೆ ಇನ್ನೊಂದು. 2023 ರಂತಹ ಬರಗಾಲದಲ್ಲಿ ಹೊಳೆ ಸೊರಗಿದರೆ ತಿಟ್ಟಿನ ಸುತ್ತಣ ನೀರು ತೆಳುವಾಗಿ, ಬಂಡೆಯಿಂದ ಬಂಡೆಗೆ ದಾರಿಯಾಗುತ್ತದೆ. ಸುತ್ತ ನೀರಿಲ್ಲದ ದ್ವೀಪವು ದ್ವೀಪವೇ? ನಾಯಿಗೂ ಮನುಷ್ಯನಿಗೂ ಅದು ತೆರೆದ ಬಾಗಿಲು. ರೀವ ಮತ್ತು ಕಲ್ಲುಗೊರವದಂತಹ ಹಕ್ಕಿಗಳು ಮರವನ್ನೇರದೆ ಬಂಡೆಯ ಮೇಲೆಯೋ ಮರಳಿನ ಮೇಲೆಯೋ ಮೊಟ್ಟೆಯಿಡುವಂಥವು. ಬೇಸಗೆಯಲ್ಲಿ ನೀರು ಇಳಿದಿದೆಯೆಂದು ನಂಬಿ ಮೊಟ್ಟೆಯಿಟ್ಟ ಮೇಲೆ ಒಮ್ಮೆಲೇ ನೀರು ಬಿಟ್ಟರೆ, ಆ ವರ್ಷದ ಅವುಗಳ ಸಂಸಾರವು ಒಂದು ರಾತ್ರಿಯಲ್ಲಿ ಮುಗಿಯಿತು.

ಹಕ್ಕಿಗಳಿಗಾಗಿ ಅಣೆಕಟ್ಟಿನ ಬಾಗಿಲನ್ನು ಮುಚ್ಚಿಡಬೇಕೆಂದು ನಾವು ಹೇಳುವವರಲ್ಲ. ಪ್ರವಾಹದ ಕಾಲದಲ್ಲಿ ಅಣೆಕಟ್ಟಿನ ಭದ್ರತೆ ಮತ್ತು ಹೊಳೆದಂಡೆಯ ಜನರ ಪ್ರಾಣ, ಇವೆರಡಕ್ಕೂ ಮೊದಲನೆಯ ಸ್ಥಾನ. ಬರಗಾಲದಲ್ಲಿ ಕುಡಿಯುವ ನೀರಿನ ನಂತರವೇ ಮಿಕ್ಕದ್ದು. ಆದರೆ ವರ್ಷದ ಎಲ್ಲ ದಿನಗಳೂ ಪ್ರವಾಹದ ದಿನಗಳಲ್ಲ. ನೀರನ್ನು ಒಮ್ಮೆಲೇ ಬಿಡುವುದೋ ಹಂತಹಂತವಾಗಿ ಬಿಡುವುದೋ ಎಂಬುದು ಅಧಿಕಾರಿಗಳ ವಿವೇಚನೆಗೆ ಸೇರಿದ ದಿನಗಳು ಅನೇಕವಿರುತ್ತವೆ. ಅಂತಹ ದಿನಗಳಲ್ಲಿ ನೀರಾವರಿಯವರೂ ಅರಣ್ಯದವರೂ ಒಂದು ಮಾತು ಆಡಿಕೊಂಡು, ತಿಟ್ಟಿನಲ್ಲಿ ಮೊಟ್ಟೆ ಮರಿಗಳು ಯಾವ ಸ್ಥಿತಿಯಲ್ಲಿವೆಯೆಂದು ವಿಚಾರಿಸಿ ಬಾಗಿಲೆತ್ತಿದರೆ ಯಾವ ರೈತನಿಗೂ ಒಂದು ಬೊಗಸೆ ನೀರು ಕಡಿಮೆಯಾಗದು. ದಂಡೆಯ ಜನರಿಗೆ ಮುನ್ನೆಚ್ಚರಿಕೆ ಕೊಡುವ ಪದ್ಧತಿಯು ಹೇಗೂ ಇದೆ. ತಿಟ್ಟಿನ ಪ್ರಜೆಗಳ ಪರವಾಗಿಯೂ ಆ ಎಚ್ಚರಿಕೆಯನ್ನು ಕೇಳಿಸಿಕೊಳ್ಳುವವರೊಬ್ಬರು ಇರಲಿ ಎಂಬುದು ನಮ್ಮ ಬಿನ್ನಹ.

ಹೊಳೆಯ ನೀರಿನಲ್ಲಿ ಮನುಷ್ಯರಲ್ಲದವರಿಗೆ ಪಾಲೆಲ್ಲಿಯದು ಎಂದು ಕೇಳುವವರಿಗೆ ಕಾವೇರಿಯ ತೀರ್ಪೇ ಉತ್ತರ ಕೊಡುತ್ತದೆ. 2007 ರಲ್ಲಿ ನ್ಯಾಯಾಧಿಕರಣವು 740 ಟಿ.ಎಂ.ಸಿ. ನೀರನ್ನು ಹಂಚಿದಾಗ, ಅದರಲ್ಲಿ 10 ಟಿ.ಎಂ.ಸಿ.ಯನ್ನು ಪರಿಸರದ ರಕ್ಷಣೆಗೆಂದು ತೆಗೆದಿರಿಸಿತು. 2018 ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳ ಪಾಲನ್ನು ತಿದ್ದಿ ಕರ್ನಾಟಕಕ್ಕೆ 284.75 ಟಿ.ಎಂ.ಸಿ.ಯನ್ನು ಕೊಟ್ಟಾಗಲೂ ಆ ಹತ್ತನ್ನು ಮುಟ್ಟಲಿಲ್ಲ. ಅದು ಇಡೀ ನದಿಗೆ ಸಂಬಂಧಪಟ್ಟದ್ದೇ ಹೊರತು ರಂಗನತಿಟ್ಟಿಗೆಂದೇ ಕೊಟ್ಟದ್ದಲ್ಲ. ಆದರೂ ತತ್ತ್ವವು ಸ್ಪಷ್ಟವಾಗಿದೆ: ನದಿಗೂ ನದಿಯನ್ನು ನಂಬಿದ ಜೀವಿಗಳಿಗೂ ಒಂದು ಪಾಲುಂಟೆಂದು ನ್ಯಾಯಪೀಠಗಳೇ ಒಪ್ಪಿವೆ. ನಮ್ಮ ಪಾಲಿಗಾಗಿ ಇಷ್ಟು ಕಾಲ ಹೋರಾಡಿದ ನಾವು, ಬಾಯಿಲ್ಲದವರ ಪಾಲನ್ನು ಮರೆಯಬಾರದು.

ಬೆಳ್ಳೂರಿನವರ ನಡತೆ

ಇದೆಲ್ಲ ವ್ಯವಹಾರಕ್ಕೆ ಒಗ್ಗದ ಆದರ್ಶವೆಂದು ಯಾರಾದರೂ ಹೇಳಿದರೆ, ಅದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿಗೆ ಹೋಗಿಬರಬೇಕೆಂದು ಹೇಳುತ್ತೇವೆ. ಅಲ್ಲಿ ತಿಟ್ಟಿಲ್ಲ, ಸುತ್ತ ಹೊಳೆಯಿಲ್ಲ, ಮೊಸಳೆಯ ಕಾವಲೂ ಇಲ್ಲ. ಊರ ನಡುವಣ ಹುಣಿಸೆ ಮುಂತಾದ ಮರಗಳಲ್ಲಿ, ಮನೆಗಳ ಸೂರಿನ ಮೇಲೆಯೇ, ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡುಕಟ್ಟುತ್ತವೆ. ಹಿಕ್ಕೆ ಅಂಗಳದಲ್ಲಿ ಬೀಳುತ್ತದೆ, ಮೀನಿನ ನಾತವು ಮನೆಯೊಳಗೆ ಬರುತ್ತದೆ. ಊರಿನವರು ಅದನ್ನು ಸಹಿಸುತ್ತಾರೆ. ಹಿಕ್ಕೆಯ ಗೊಬ್ಬರವನ್ನು ಹೊಲಕ್ಕೆ ಹಾಕುತ್ತಾರೆ. ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳು ಇವು ಎಂದು ಅಲ್ಲಿನವರು ಹೇಳುವುದು ವಾಡಿಕೆ. 2007 ರಲ್ಲಿ ಸರ್ಕಾರವು ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು. ಆದರೆ ಊರಿನವರು ಆ ಆಜ್ಞೆಗಾಗಿ ಕಾದು ಕುಳಿತವರಲ್ಲ.

ನಾವು ಪಾಠಶಾಲೆಯ ವ್ಯುತ್ಪತ್ತಿಯಿಂದ ಅತಿಥಿ ಎಂಬ ಮಾತನ್ನು ಬಿಟ್ಟು ಪ್ರಜೆ ಎಂಬ ಮಾತಿಗೆ ಬಂದೆವು. ಬೆಳ್ಳೂರಿನ ಒಕ್ಕಲಿಗರು ನಮಗಿಂತ ಬಹಳ ಮುಂಚೆಯೇ ಮಗಳು ಎಂಬ ಮಾತಿಗೆ ಬಂದಿದ್ದರು. ರಂಗನತಿಟ್ಟಿಗೆ ಹೋಗುವ ಪಟ್ಟಣಿಗರಾದ ನಾವು ಅಷ್ಟು ದೂರ ಹೋಗಲಾರೆವಾದರೂ, ದೋಣಿಯಲ್ಲಿ ಕೂಗಾಡದೆ ಕುಳಿತುಕೊಳ್ಳುವುದು, ತಿಂಡಿಯ ಪೊಟ್ಟಣವನ್ನು ಹೊಳೆಗೆ ಎಸೆಯದಿರುವುದು, ಚಿತ್ರದ ಆಸೆಗೆ ದೋಣಿಯನ್ನು ಗೂಡಿನ ಬುಡಕ್ಕೆ ನೂಕಿಸದಿರುವುದು, ಇಷ್ಟನ್ನಾದರೂ ಕಲಿಯಬಹುದು. ನಮ್ಮ ನಮ್ಮ ಊರಿನ ಕೆರೆಗೆ ಗಡಿಕಲ್ಲು ಎಲ್ಲಿದೆಯೆಂದು ವಿಚಾರಿಸುವುದೂ ಈ ಹಕ್ಕಿಗಳ ಸೇವೆಯೇ.

ದೋಣಿಯಿಂದ ಇಳಿಯುವಾಗ, ಮತ್ತೆ ಯಾವಾಗ ಬಂದರೆ ಮರಿಗಳು ಹಾರುವುದನ್ನು ನೋಡಬಹುದೆಂದು ದೋಣಿಯವನನ್ನು ಕೇಳಿದೆವು. ಅವನು ಹಕ್ಕಿಗಳ ಕಡೆಗೆ ನೋಡಲಿಲ್ಲ. ಪಶ್ಚಿಮಕ್ಕೆ, ಕೊಡಗಿನ ಕಡೆಯ ಮೋಡವನ್ನು ನೋಡಿದನು. “ನೀರು ನೋಡ್ಕೊಂಡು ಬನ್ನಿ ಸ್ವಾಮಿ,” ಎಂದನು.

ಮುಂದಿನ ವರ್ಷದಿಂದ ನಮ್ಮ ಪತ್ರಿಕೆಯ ಆ ಸಮಾಚಾರದ ತಲೆಬರಹವನ್ನು ಬದಲಿಸುವಂತೆ ಕಾರ್ಯಾಲಯದಲ್ಲಿ ಅಪ್ಪಣೆ ಕೊಟ್ಟಿದ್ದೇವೆ. ಹೊಳೆಯ ಮಟ್ಟವೆಷ್ಟು, ಗೂಡುಗಳ ಸ್ಥಿತಿಯೇನು ಎಂಬ ಎರಡು ಪಂಕ್ತಿಗಳನ್ನೂ ಅದರ ಜೊತೆಯಲ್ಲಿ ಪ್ರಕಟಿಸಬೇಕೆಂದು ಹೇಳಿದ್ದೇವೆ. ಇದುವರೆಗೆ ನಮ್ಮ ಮಾತನ್ನು ನಂಬಿ ಆ ಹಕ್ಕಿಗಳನ್ನು ಪರದೇಶದವೆಂದು ಭಾವಿಸಿದ್ದ ವಾಚಕರ ಕ್ಷಮೆಯನ್ನು ಬೇಡುತ್ತೇವೆ.